ತೆಂಗಿನ ಗರಿ ಅಲ್ಲಾಡಿದರೂ ಕೂಗುವ ಕಾವಲುಗಾರ



ಈ ಸಂಚಿಕೆಗೆ ಹಿತಕಿದ ಬೇಳೆ ಸಾರಿನ ವಿಧಾನ ಬರೆಯುತ್ತೇನೆ ಎಂದು ಕಳೆದ ಸಲ ಮಾತು ಕೊಟ್ಟಿದ್ದೆ. ಅವರೆಕಾಯಿಯೂ ಮನೆಗೆ ಬಂದಿದೆ, ಸೊಗಡಿನ ವಾಸನೆ ನಡುಮನೆಯವರೆಗೂ ಹರಡಿದೆ. ಆದರೂ ಇವತ್ತು ಸಾರಿನ ಮಾತು ಬೇಡ. ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಈಗ ಬೀದಿಬೀದಿಯಲ್ಲೂ ಸಿ.ಸಿ. ಕ್ಯಾಮೆರಾ ಹಾಕಿಸುವ ಕಾಲ. ನಿಮ್ಮಲ್ಲಿ ಎಷ್ಟೋ ಜನರ ಮನೆ ಮುಂದೆ ಈಗಾಗಲೇ ಇರಬಹುದು, ಇಲ್ಲದವರು ಹಾಕಿಸುವ ಯೋಚನೆಯಲ್ಲಿರಬಹುದು. ಅದಕ್ಕೇ ಈ ಮಾತು.

ನಮ್ಮದು ತಿಪಟೂರಿನ ಕಡೆ. ಇಲ್ಲಿ ಬಂಗಾರದಷ್ಟೇ ಜೋಪಾನ ಮಾಡುವ ವಸ್ತು ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ವರ್ಷದ ದುಡಿಮೆಯೆಲ್ಲ ಅಟ್ಟದ ಮೇಲೇ ಇರುತ್ತದೆ ಅನ್ನಿ. ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಮನೆಯವರು ಮದುವೆಗೆಂದು ಎರಡು ದಿನ ಊರಿಗೆ ಹೋದಾಗ, ಯಾರೋ ಹೆಂಚು ಸರಿಸಿ ಮೂರು ಚೀಲ ಕೊಬ್ಬರಿ ಹೊತ್ತುಕೊಂಡು ಹೋದರು. ಸುದ್ದಿ ಕೇಳಿದ ರಾತ್ರಿ ನಮ್ಮ ಯಜಮಾನರು ಮೂರು ಸಲ ಎದ್ದು ಹಿತ್ತಿಲ ಬಾಗಿಲು ನೋಡಿ ಬಂದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, "ಅಮ್ಮಾ, ಇನ್ನು ಅಪ್ಪ ನಿದ್ದೆ ಕೆಡಿಸಿಕೊಳ್ಳೋದು ಬೇಡ. ಯಾವುದಾದರೂ ಅಲ್ಲಾಡಿದರೆ ಸಾಕು, ನನ್ನ ಫೋನಿಗೇ ಸಂದೇಶ ಬರುತ್ತೆ" ಎಂದು ನಾಲ್ಕು ಕ್ಯಾಮೆರಾ, ಅದಕ್ಕೊಂದು ರೆಕಾರ್ಡರ್ ಪೆಟ್ಟಿಗೆ ಹಾಕಿಸಿಯೇ ಬಿಟ್ಟ.

ನಮ್ಮತ್ತೆಗೆ ಎಪ್ಪತ್ತನಾಲ್ಕು ವರ್ಷ. ಅವರಿಗೆ ಆ ಕ್ಯಾಮೆರಾ ಕಂಡರೆ ಮೊದಲು ಮುಜುಗರ. "ಅದ್ಯಾವನೋ ಮರೆಯಲ್ಲಿ ನಿಂತು ನೋಡ್ತಾನೇ ಇದ್ದಾನೆ ಅನ್ನಿಸುತ್ತಲ್ಲೋ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೊಮ್ಮಗ ನಕ್ಕು, "ನೋಡೋನು ನಾನೇ ಅಜ್ಜಿ. ಏನಾದರೂ ಬೇಕಾದರೆ ಇದರ ಮುಂದೆ ನಿಂತು ಕೈ ಬೀಸು, ನಾನು ನೋಡ್ತೀನಿ" ಎಂದ. ಆಮೇಲೆ ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕಿ ಒಮ್ಮೆ ಕೈ ಬೀಸುವುದು ಅವರಿಗೆ ಅಭ್ಯಾಸವೇ ಆಯಿತು. ಈ ಮಾತು ನೆನಪಿಟ್ಟುಕೊಳ್ಳಿ.

ಮೊದಲ ವಾರ ನಮಗೆಲ್ಲ ಅದೊಂದು ತಮಾಷೆ. ಮಗ ಫೋನ್ ಮಾಡಿ, "ಅಮ್ಮಾ, ಹಿತ್ತಿಲಲ್ಲಿ ಯಾರೋ ಓಡಾಡ್ತಿದ್ದಾರೆ" ಎನ್ನುವುದು, ನಾನು ಓಡಿಹೋಗಿ ನೋಡಿದರೆ ಒಣಹಾಕಿದ ನನ್ನ ಸೀರೆಯೇ ಗಾಳಿಗೆ ಹಾರಾಡುತ್ತಿರುವುದು! ಒಂದು ಸಲ ಅಳಿಲು, ಒಂದು ಸಲ ಪಕ್ಕದ ಮನೆ ಬೆಕ್ಕು. ಗಾಳಿ ಬೀಸಿದ ದಿನವಂತೂ ತೆಂಗಿನ ಗರಿ ಅಲ್ಲಾಡಿದ್ದಕ್ಕೆಲ್ಲ ಒಂದೊಂದು ಸಂದೇಶ. ರಾತ್ರಿ ಬೀದಿಯಲ್ಲಿ ಸ್ಕೂಟರ್ ಹೋಗಿ ಅದರ ಬೆಳಕು ಗೋಡೆಗೆ ಬಿದ್ದರೂ ಕಳ್ಳ ಬಂದ ಲೆಕ್ಕ. ಒಂದು ದಿನ ಮಗ ಎಣಿಸಿದನಂತೆ, ಬೆಳಗಿನಿಂದ ರಾತ್ರಿಯವರೆಗೆ ನೂರ ಮೂವತ್ತೆರಡು ಸಂದೇಶ! ಆಫೀಸಿನಲ್ಲಿ ಕೂತವನು ಕೆಲಸ ಮಾಡಲೇ, ನಮ್ಮ ಹಿತ್ತಿಲ ಅಳಿಲು ಎಣಿಸಲೇ? ಎರಡು ತಿಂಗಳಾಗುವಷ್ಟರಲ್ಲಿ ಅವನು ಆ ಸಂದೇಶದ ಶಬ್ದವನ್ನೇ ನಿಲ್ಲಿಸಿದ್ದ. ನಮಗೆ ಹೇಳಲಿಲ್ಲ. ತಪ್ಪೆನ್ನಲಾರೆ. ಕುಕ್ಕರ್ ದಿನವಿಡೀ ಸೀಟಿ ಹಾಕುತ್ತಲೇ ಇದ್ದರೆ ನಾವಾದರೂ ಎಷ್ಟು ಸಲ ಎದ್ದುಹೋಗಿ ನೋಡುತ್ತೇವೆ?

ಕಾರ್ತಿಕ ಬಂತು. ಬೆಳಗಿನ ಜಾವ ಎದ್ದು ತುಳಸಿಕಟ್ಟೆಗೆ ದೀಪ ಇಡುವುದು ಅತ್ತೆಯ ನಲವತ್ತು ವರ್ಷದ ನೇಮ. ನನ್ನನ್ನು ಎಬ್ಬಿಸುವುದಿಲ್ಲ, "ನೀನು ದಿನವಿಡೀ ದುಡಿಯೋಳು, ಮಲಕ್ಕೋ" ಅನ್ನುತ್ತಾರೆ. ಆ ದಿನ ರಾತ್ರಿ ಹನಿಮಳೆಯಾಗಿತ್ತು. ಹಿತ್ತಿಲ ಕಲ್ಲುಚಪ್ಪಡಿಯ ಮೇಲೆ ಪಾಚಿ ಇತ್ತು. ನಾನು ಐದೂವರೆ ಹೊತ್ತಿಗೆ ಹಾಲಿನ ಪಾತ್ರೆ ತೆಗೆದುಕೊಂಡು ಹೊರಗೆ ಬಂದಾಗ ಅತ್ತೆ ಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಎಡಗೈ ಮಣಿಕಟ್ಟು ಊದಿಕೊಂಡು ಸೊಟ್ಟಗಾಗಿತ್ತು. ಸೀರೆಯೆಲ್ಲ ಒದ್ದೆ, ಮೈ ಗಡಗಡ ನಡುಗುತ್ತಿತ್ತು. ಅವರು ನನಗೆ ಹೇಳಿದ ಮೊದಲ ಮಾತು ಏನು ಗೊತ್ತೇ? "ಹುಡುಗ ಕೆಲಸದಲ್ಲಿದ್ದನೇನೋ ಕಣಮ್ಮಾ, ನೋಡಲಿಲ್ಲ."

ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಮೂಳೆ ಮುರಿದಿತ್ತು, ಆರು ವಾರ ಪಟ್ಟಿ ಹಾಕಿದರು. ಸೊಂಟದ ಮೂಳೆಗೆ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು. ಮಗ ಮಧ್ಯಾಹ್ನದ ಹೊತ್ತಿಗೆ ಬಂದ. ಸಂಜೆ ಅವನೂ ನಾನೂ ಕೂತು ಆ ಪೆಟ್ಟಿಗೆಯಲ್ಲಿ ದಾಖಲಾದದ್ದನ್ನು ಹಾಕಿ ನೋಡಿದೆವು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಅತ್ತೆ ಜಾರಿ ಬಿದ್ದದ್ದು 4 ಗಂಟೆ 52 ನಿಮಿಷಕ್ಕೆ. ಬಿದ್ದದ್ದು ಕಾಣಿಸುತ್ತದೆ, ಅರ್ಧ ನಿಮಿಷವಾದ ಮೇಲೆ ಚಿತ್ರವೇ ನಿಂತುಹೋಗುತ್ತದೆ. ಮತ್ತೆ ಶುರುವಾಗುವುದು 4 ಗಂಟೆ 58ಕ್ಕೆ. ಅಲ್ಲಿ ಅತ್ತೆ ಬಲಗೈ ಎತ್ತಿ ಕ್ಯಾಮೆರಾದ ಕಡೆಗೆ ಬೀಸುತ್ತಿದ್ದಾರೆ. ಮತ್ತೆ ನಿಲ್ಲುತ್ತದೆ. 5 ಗಂಟೆ 7ಕ್ಕೆ ಇನ್ನೊಂದು ಸಲ ಕೈ. ಹೀಗೆ ನಲವತ್ತು ನಿಮಿಷದ ಸಂಕಟ ಐದಾರು ತುಂಡುಗಳಾಗಿ ಮೂರೇ ನಿಮಿಷದಲ್ಲಿ ಮುಗಿದುಹೋಯಿತು. ಪ್ರತಿ ತುಂಡಿಗೂ ಒಂದೊಂದು ಸಂದೇಶ ಮಗನ ಫೋನಿಗೆ ಹೋಗಿತ್ತು, ಅಳಿಲು, ಗರಿ, ಸೀರೆಗಳ ಸಂದೇಶಗಳ ನಡುವೆ. ಮಗ ಗೋಡೆ ಕಡೆ ಮುಖ ತಿರುಗಿಸಿಕೊಂಡು ಅತ್ತ.

ಅಳುತ್ತಾ ಕೂತರೆ ಆಯಿತೇ? ಮರುದಿನವೇ ಕ್ಯಾಮೆರಾ ಕೂಡಿಸಿದ ಹುಡುಗನನ್ನು ಕರೆಸಿದೆ. ಐ.ಟಿ.ಐ. ಓದಿದ ಹುಡುಗ, ತಾಳ್ಮೆಯುಳ್ಳವನು. ಕಾಫಿ ಕೊಟ್ಟು ಕೂರಿಸಿ, "ನೋಡಪ್ಪಾ, ನಾನು ಎಸ್ಸೆಸ್ಸೆಲ್ಸಿ ಓದಿದವಳು. ಇದು ಹೇಗೆ ನೋಡುತ್ತೆ, ಯಾಕೆ ನಿಲ್ಲಿಸುತ್ತೆ, ನನಗೆ ಅರ್ಥವಾಗೋ ಹಾಗೆ ಹೇಳು" ಅಂದೆ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ನಾವು ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುತ್ತೇವಲ್ಲ, ಕ್ಯಾಮೆರಾದ ಚಿತ್ರವೂ ಹಾಗೇ, ಲಕ್ಷಗಟ್ಟಲೆ ಚುಕ್ಕಿಗಳ ರಂಗೋಲಿ. ಸೆಕೆಂಡಿಗೆ ಹದಿನೈದೋ ಇಪ್ಪತ್ತೈದೋ ಚಿತ್ರ ತೆಗೆಯುತ್ತದೆ. ಹಿಂದಿನ ಚಿತ್ರವನ್ನೂ ಈಗಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಯಾವ ಯಾವ ಚುಕ್ಕಿಯ ಬೆಳಕು ಹೆಚ್ಚುಕಡಿಮೆ ಆಗಿದೆ ಎಂದು ನೋಡುತ್ತದೆ. ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಚುಕ್ಕಿಗಳು ಬದಲಾದರೆ "ಚಲನೆ" ಎಂದು ತೀರ್ಮಾನಿಸುತ್ತದೆ. ಅಷ್ಟೇ ಅದರ ಬುದ್ಧಿ. ಬಂದವನು ಕಳ್ಳನೋ, ಬೆಕ್ಕೋ, ಮೋಡದ ನೆರಳೋ ಅದಕ್ಕೆ ತಿಳಿಯದು. ಇನ್ನೂ ಮುಖ್ಯವಾದದ್ದು ಕೇಳಿ. ಬಿದ್ದವರು ಅಲ್ಲಾಡದೆ ಮಲಗಿದ್ದರೆ ಚುಕ್ಕಿ ಬದಲಾಗುವುದೇ ಇಲ್ಲ. ಆಗ ಅದರ ಲೆಕ್ಕದಲ್ಲಿ ಅಲ್ಲಿ ಏನೂ ನಡೆಯುತ್ತಿಲ್ಲ. ನಮ್ಮತ್ತೆ ನೋವಿನಲ್ಲಿ ಸುಮ್ಮನೆ ಕೂತಿದ್ದ ಹೊತ್ತೆಲ್ಲ ಆ ಯಂತ್ರಕ್ಕೆ ಅವರೂ ಒಂದು ಕಲ್ಲುಚಪ್ಪಡಿ!

"ಅಲ್ಲಪ್ಪಾ, ಪೂರ್ತಿ ಹೊತ್ತು ದಾಖಲು ಮಾಡಬಾರದೇ?" ಅಂದೆ. ಮಾಡಬಹುದಂತೆ. ಜಾಗ ಉಳಿಸಲು ಚಲನೆ ಇದ್ದಾಗ ಮಾತ್ರ ದಾಖಲಾಗುವಂತೆ ಇಟ್ಟಿದ್ದನಂತೆ. ಲೆಕ್ಕವನ್ನೂ ತೋರಿಸಿದ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ದಾಖಲಿಸಿದರೆ ದಿನಕ್ಕೆ ಸುಮಾರು 21 ಜಿ.ಬಿ. ನಾಲ್ಕಕ್ಕೆ 86 ಜಿ.ಬಿ. ನಮ್ಮ ಪೆಟ್ಟಿಗೆಯ ಒಂದು ಟಿ.ಬಿ. ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. ನಾನಂದೆ, "ಹನ್ನೊಂದು ದಿನ ನಮಗೆ ಧಾರಾಳವಾಯಿತು. ಕೊಬ್ಬರಿ ಹೋದರೆ ಹನ್ನೊಂದು ದಿನದೊಳಗೆ ನಮಗೆ ತಿಳಿಯದೇ ಇರುತ್ತದೆಯೇ?" ಈಗ ಹಿತ್ತಿಲದ್ದೂ ಬಾಗಿಲದ್ದೂ ಪೂರ್ತಿ ಹೊತ್ತು ದಾಖಲಾಗುತ್ತದೆ. ದಾಖಲು ಮಾಡುವುದು ಬೇರೆ, ಸಂದೇಶ ಕಳಿಸುವುದು ಬೇರೆ. ಇವೆರಡನ್ನೂ ಬೇರೆಬೇರೆಯಾಗಿ ಇಡಬಹುದು ಎನ್ನುವುದೇ ನಮಗೆ ಗೊತ್ತಿರಲಿಲ್ಲ, ನೋಡಿ.

ಇನ್ನು ಬೇಡದ ಸಂದೇಶ ಕಡಿಮೆ ಮಾಡುವ ಬಗೆ. ಇವನ್ನು ಬರೆದಿಟ್ಟುಕೊಳ್ಳಿ, ನಿಮ್ಮಲ್ಲಿಗೆ ಬರುವ ಹುಡುಗನಿಗೆ ಹೇಳಿ ಮಾಡಿಸಬಹುದು.

ಮೊದಲನೆಯದು, ಎಲ್ಲಿ ನೋಡಬೇಕು ಎಂದು ಅದಕ್ಕೆ ಹೇಳಿಕೊಡುವುದು. ಫೋನಿನಲ್ಲೋ ಟೀವಿಯಲ್ಲೋ ಚಿತ್ರದ ಮೇಲೆ ಚೌಕಗಳು ಬರುತ್ತವೆ. ಬೇಕಾದ ಚೌಕ ಉಳಿಸಿಕೊಂಡು ಬೇಡದ್ದನ್ನು ಅಳಿಸಬಹುದು. ನಾವು ತೆಂಗಿನ ಗರಿ, ಬಟ್ಟೆ ಹಗ್ಗ, ಬೀದಿ ಈ ಮೂರನ್ನೂ ಬಿಟ್ಟೆವು. ತುಳಸಿಕಟ್ಟೆ, ಮೆಟ್ಟಿಲು, ಅಟ್ಟದ ಏಣಿ, ಹಿತ್ತಿಲ ಬಾಗಿಲು ಉಳಿಸಿಕೊಂಡೆವು.

ಎರಡನೆಯದು, ಅದರ ಸೂಕ್ಷ್ಮತೆ. ಇದು ಅಡುಗೆಗೆ ಉಪ್ಪು ಹಾಕಿದ ಹಾಗೆ. ಹೆಚ್ಚಾದರೆ ನೊಣ ಹಾರಿದರೂ ಕೂಗುತ್ತದೆ, ಕಡಿಮೆಯಾದರೆ ಮನುಷ್ಯ ನಿಧಾನವಾಗಿ ನಡೆದುಹೋದರೂ ಸುಮ್ಮನಿರುತ್ತದೆ. ರಾತ್ರಿ ಚಿತ್ರ ಕಪ್ಪುಬಿಳುಪಾಗುವುದರಿಂದ ಗೋಡೆಯ ಬಣ್ಣಕ್ಕೂ ಉಟ್ಟ ಸೀರೆಗೂ ವ್ಯತ್ಯಾಸ ಕಾಣದೆ ತಪ್ಪಿಹೋಗುವುದೂ ಉಂಟು. ಆದ್ದರಿಂದ ಒಂದು ಸಲ ಹಗಲಲ್ಲಿ, ಒಂದು ಸಲ ಕತ್ತಲಲ್ಲಿ ನೀವೇ ನಡೆದು ನೋಡಿ ಹೊಂದಿಸಿಕೊಳ್ಳಿ.

ಮೂರನೆಯದು, ಜೇಡರ ಬಲೆ. ನಗಬೇಡಿ! ಕತ್ತಲಲ್ಲಿ ನೋಡಲು ಕ್ಯಾಮೆರಾದ ಸುತ್ತ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುವ ಪುಟ್ಟ ದೀಪಗಳಿರುತ್ತವೆ. ಹತ್ತಿರದಲ್ಲೇ ಕಟ್ಟಿದ ಬಲೆಯ ಎಳೆಗೆ ಆ ಬೆಳಕು ಬಿದ್ದರೆ ಹಗ್ಗದಷ್ಟು ದಪ್ಪಗೆ ಬೆಳ್ಳಗೆ ಹೊಳೆಯುತ್ತದೆ, ಗಾಳಿಗೆ ಅಲ್ಲಾಡಿದರೆ ಸಂದೇಶ. ಮಳೆಹುಳು ಬಂದರೂ ಹಾಗೇ. ವಾರಕ್ಕೊಮ್ಮೆ ಮೆತ್ತನೆಯ ಕುಂಚದಿಂದ ಬಲೆ ತೆಗೆಯಿರಿ. ಗಾಜನ್ನು ಒರಟು ಬಟ್ಟೆಯಿಂದ ತಿಕ್ಕಬೇಡಿ, ಗೀರು ಬೀಳುತ್ತದೆ. ಹುಳು ಮುತ್ತುವ ಬಲ್ಬಿನ ಪಕ್ಕದಲ್ಲೇ ಕ್ಯಾಮೆರಾ ಹಾಕಿಸಬೇಡಿ.

ನಾಲ್ಕನೆಯದು, ಹೊಸದಾಗಿ ಕೊಳ್ಳುವವರಿಗೆ. ಈಗಿನ ಹಲವು ಕ್ಯಾಮೆರಾಗಳಲ್ಲಿ ಆಕಾರ ನೋಡಿ ಮನುಷ್ಯ, ವಾಹನ ಎಂದು ಗುರುತಿಸುವ ವ್ಯವಸ್ಥೆ ಇದೆ. ಆಗ ಗರಿ, ಅಳಿಲುಗಳ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ, ಆದರೂ ಒಮ್ಮೊಮ್ಮೆ ತಪ್ಪು ಮಾಡುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮೈಯ ಬಿಸಿಯನ್ನು ಗುರುತಿಸುವ ಇನ್ನೊಂದು ಸಾಧನ ಇರುತ್ತದೆ. ಅದು ಎದುರಿಗೆ ನೇರ ಬರುವವರಿಗಿಂತ ಅಡ್ಡ ಹಾಯುವವರನ್ನು ಚೆನ್ನಾಗಿ ಹಿಡಿಯುತ್ತದೆ. ಕಿಟಕಿಯ ಗಾಜಿನ ಹಿಂದಿಟ್ಟರೆ ಕೆಲಸ ಮಾಡುವುದಿಲ್ಲ. ಕಡುಬೇಸಿಗೆಯಲ್ಲಿ ಸುತ್ತಲ ಬಿಸಿಯೂ ಮೈಬಿಸಿಯೂ ಒಂದೇ ಆದಾಗ ಮಂಕಾಗುತ್ತದೆ.

ಐದನೆಯದು ಮರ್ಯಾದೆಯ ಮಾತು. ಕ್ಯಾಮೆರಾ ನಮ್ಮ ಬಾಗಿಲನ್ನು ನೋಡಲಿ, ಪಕ್ಕದ ಮನೆಯ ಬಚ್ಚಲನ್ನೋ ಹಿತ್ತಿಲನ್ನೋ ನೋಡುವುದು ಬೇಡ. ಅವರ ಮನೆಯ ಹೆಣ್ಣುಮಕ್ಕಳೂ ನಮ್ಮಂಥವರೇ ಅಲ್ಲವೇ? ಕೊಂಡಾಗ ಕಂಪನಿಯವರು ಇಟ್ಟಿರುವ ಗುಪ್ತಪದವನ್ನು ಅಂದೇ ಬದಲಾಯಿಸಿ. ಇಲ್ಲದಿದ್ದರೆ ನಮ್ಮ ಮನೆಯನ್ನು ಯಾರು ಬೇಕಾದರೂ ನೋಡುವಂತಾದೀತು.

ಇಷ್ಟೆಲ್ಲ ಮಾಡಿದ ಮೇಲೆ ಸಂದೇಶ ದಿನಕ್ಕೆ ನೂರಮೂವತ್ತರಿಂದ ಏಳೆಂಟಕ್ಕೆ ಇಳಿಯಿತು. ಆದರೆ ನನ್ನ ಮನಸ್ಸಿಗೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು. ಆ ದಿನ ಮಗ ಎಚ್ಚರವಾಗಿದ್ದು ಸಂದೇಶ ನೋಡಿದ್ದರೂ ಅವನಿದ್ದದ್ದು ಬೆಂಗಳೂರಿನಲ್ಲಿ, ಸುಮಾರು 140 ಕಿಲೋಮೀಟರ್ ದೂರ. ಅವನು ನನಗೇ ಫೋನ್ ಮಾಡಬೇಕಿತ್ತು. ನಾನು ಮಲಗಿದ್ದದ್ದು ತುಳಸಿಕಟ್ಟೆಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ. ಹಾಗಾದರೆ ಆ ಸಂದೇಶ ನನಗೆ ಬರಬೇಕೋ ಅವನಿಗೋ? "ಅಮ್ಮನಿಗೆ ಇದೆಲ್ಲ ತಿಳಿಯೋಲ್ಲ" ಎಂದು ಅವನೂ ಅಂದುಕೊಂಡ, "ನನಗ್ಯಾಕಪ್ಪಾ ಇದೆಲ್ಲ" ಎಂದು ನಾನೂ ಅಂದುಕೊಂಡೆ. ತಪ್ಪು ಇದ್ದದ್ದು ಇಲ್ಲಿ, ಸೋದರಿಯರೇ.

ಈ ಮಾತು ಬಂದಾಗ ಮಗ ಒಂದು ವಿಷಯ ಓದಿ ಹೇಳಿದ. ಮನೆ ಕಾಯಲು ಕ್ಯಾಮೆರಾವನ್ನೂ ಟೀವಿಯನ್ನೂ ಜೋಡಿಸಿದವರಲ್ಲಿ ಮೊದಲಿಗರು ಅಂತ ಹೆಸರು ಪಡೆದಾಕೆ ಒಬ್ಬ ಹೆಂಗಸಂತೆ! ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್. ಆಕೆಯದೂ ಗಂಡನದೂ ಹೊತ್ತಲ್ಲದ ಹೊತ್ತಿನ ಕೆಲಸ, ರಾತ್ರಿ ಎಷ್ಟೋ ಸಲ ಮನೆಯಲ್ಲಿ ಒಬ್ಬಳೇ. ಬೀದಿಯಲ್ಲಿ ಕಳ್ಳಕಾಕರ ಭಯ, ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. ಗಂಡ ಆಲ್ಬರ್ಟ್ ಬ್ರೌನ್ ವಿದ್ಯುತ್ ಸಾಧನಗಳ ಕೆಲಸ ಬಲ್ಲವರು. ಇಬ್ಬರೂ ಸೇರಿ ಬಾಗಿಲಲ್ಲಿ ಎತ್ತರ ತಗ್ಗಿನ ಇಣುಕುಗಿಂಡಿ, ಅದರ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೊಂದು ಟೀವಿ, ಬಂದವರ ಜೊತೆ ಮಾತಾಡಲು ಮೈಕು, ಕೂತಲ್ಲಿಂದಲೇ ಬಾಗಿಲು ತೆಗೆಯುವ ಗುಂಡಿ ಇಷ್ಟನ್ನು ಯೋಚಿಸಿ 1966ರಲ್ಲಿ ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ ಅದು ದೊರೆಯಿತು.

ಕೇಳಿ ನನಗೆ ಆಶ್ಚರ್ಯವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಆಕೆಯ ವ್ಯವಸ್ಥೆಯಲ್ಲಿ ಯಂತ್ರ ತೋರಿಸುತ್ತಿತ್ತು, ನೋಡಿ ತೀರ್ಮಾನ ಮಾಡುತ್ತಿದ್ದದ್ದು ಮನೆಯೊಳಗಿದ್ದ ಆಕೆಯೇ. ನಾವು ನೋಡುವುದನ್ನೂ ತೀರ್ಮಾನವನ್ನೂ ಯಂತ್ರಕ್ಕೇ ಒಪ್ಪಿಸಿ, ಬಾಗಿಲು ಹಾಕಿಕೊಂಡು ಮಲಗಿದೆವು.

ಈಗ ನಮ್ಮನೆಯ ಏರ್ಪಾಡು ಬೇರೆ. ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಹಿತ್ತಿಲ ಸಂದೇಶ ನನ್ನ ಫೋನಿಗೆ ಶಬ್ದ ಮಾಡಿಕೊಂಡು ಬರುತ್ತದೆ. ಅತ್ತೆ ಹೊರಗೆ ಹೋದರು ಎಂದು ಗೊತ್ತಾದ ಕೂಡಲೇ ನಾನೂ ಎದ್ದು ಹೋಗುತ್ತೇನೆ, ದೀಪಕ್ಕೆ ಎಣ್ಣೆ ಹಾಕುವವಳು ಈಗ ನಾನು. ಅತ್ತೆಯ ಸೊಂಟದ ಚೀಲದಲ್ಲಿ ತಂತಿಯಿಲ್ಲದ ಕಾಲಿಂಗ್ ಬೆಲ್ಲಿನ ಗುಂಡಿ ಇದೆ. ಒತ್ತಿದರೆ ನಡುಮನೆಯಲ್ಲಿ ಗಂಟೆ ಬಾರಿಸುತ್ತದೆ. ಕೈ ಬೀಸಿ ಯಾರಾದರೂ ನೋಡಲಿ ಎಂದು ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಪಕ್ಕದ ಮನೆಯವರ ಬಳಿ ಹಿತ್ತಿಲ ಬಾಗಿಲಿನ ಇನ್ನೊಂದು ಬೀಗದ ಕೈ ಇದೆ. ಎಲ್ಲಕ್ಕಿಂತ ಮೊದಲು ಆ ಚಪ್ಪಡಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಪಾಚಿ ತೆಗೆಸಿದೆ. ಈ ಕೆಲಸವನ್ನು ನಾಲ್ಕು ಕ್ಯಾಮೆರಾ ಹಾಕಿಸುವ ಮೊದಲೇ ಮಾಡಬೇಕಿತ್ತು, ಅಲ್ಲವೇ?

ಕ್ಯಾಮೆರಾ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಟ್ಟದ ಕೊಬ್ಬರಿ ಕ್ಷೇಮವಾಗಿದೆ, ಯಜಮಾನರು ನಿದ್ದೆ ಮಾಡುತ್ತಿದ್ದಾರೆ. ಆದರೆ ಅದು ಅಲ್ಲಾಡಿದ್ದನ್ನು ಹೇಳುತ್ತದೆಯೇ ಹೊರತು ಆಪತ್ತನ್ನು ಹೇಳುವುದಿಲ್ಲ. ಹಾಕಿಸುವ ದಿನವೇ ಮನೆಮಂದಿಯೆಲ್ಲ ಕೂತು, ಯಾವ ಜಾಗದ ಸಂದೇಶ, ಯಾವ ಹೊತ್ತಿನದು, ಯಾರಿಗೆ ಬರಬೇಕು, ಬಂದಾಗ ಯಾರು ಏಳಬೇಕು ಎಂದು ಮಾತಾಡಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಆ ಮಾತಿಗೆ ಕೂರಿಸಿಕೊಳ್ಳಿ.

ಅತ್ತೆಯ ಪಟ್ಟಿ ತೆಗೆದು ಮೂರು ವಾರವಾಯಿತು. ಬೆರಳಿಗೆ ಬಲ ಬರಲೆಂದು ಮೆತ್ತನೆಯ ಚೆಂಡು ಹಿಸುಕಿ ಎಂದಿದ್ದಾರೆ ಡಾಕ್ಟರು. "ಚೆಂಡು ಯಾಕೆ, ನೆನೆಸಿದ ಅವರೆಕಾಳು ಕೊಡು, ಹಿತುಕಿಕೊಡ್ತೀನಿ" ಎಂದು ಇದೀಗ ಪಡಸಾಲೆಯಲ್ಲಿ ಬೋಗುಣಿ ಇಟ್ಟುಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಒಂದೊಂದೇ ಕಾಳು. ಒಂದು ಬೋಗುಣಿ ತುಂಬಲು ಮಧ್ಯಾಹ್ನವಾದೀತು, ಆಗಲಿ. ಮುಂದಿನ ಸಂಚಿಕೆಗೆ ಹಿತಕಿದ ಬೇಳೆ ಸಾರು ಖಂಡಿತ.